ಮಾಸ್ಕಿಗೆ ಅಡ್ಡ ಬಂದ ಗಡ್ಡ

ಯಲಹಂಕದ ಹತ್ತಿರದ ಔಷಧಿ ಲ್ಯಾಬ್‌ನಲ್ಲಿ ನಾನು ಬಾಟಲಿಗಳಿಗೆ ಚೀಟಿ ಅಂಟಿಸುವ ಮಹಾವಿಜ್ಞಾನಿಯಾಗಿದ್ದೆ. ಒಳಗಿನ ಕೆಮಿಕಲ್ ಕೋಣೆಗೆ ಒಬ್ಬರು ಬೇಕು, ಮಾಸ್ಕ್ ಪರೀಕ್ಷೆ ಪಾಸಾದವರು ಮಧ್ಯಾಹ್ನವೇ ಸೇರಬಹುದು ಎಂದು ಮೇಲಿನವರು ಹೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ಕೆನ್ನೆಯ ಎರಡೂ ಬದಿ ಗಾಳಿ ಸೋಸುವ ಡಬ್ಬಿಯಿರುವ ಆ ರಬ್ಬರ್ ಮಾಸ್ಕಿನ ಮೇಲೆ ನನಗೆ ಅಷ್ಟು ಆಸೆ.

ಸೇಫ್ಟಿ ಮೇಡಂ ಮಾಸ್ಕ್ ಬಿಗಿದು, ತಲೆಗೆ ಪ್ಲಾಸ್ಟಿಕ್ ಮುಸುಕು ಇಳಿಸಿ, ಅದರ ತೂತಿನಿಂದ ಏನನ್ನೋ ಸಿಂಪಡಿಸಿದರು. ಬಾಯೆಲ್ಲ ಹಾಗಲಕಾಯಿ. ನನಗೆ ಖುಷಿಯೋ ಖುಷಿ. ಪ್ರತಿ ಯುಗಾದಿಗೂ ಮುಖ ಕಿವುಚದೆ ಬೇವು ನುಂಗಿ ಅಜ್ಜಿಯಿಂದ ಶಭಾಷ್ ಪಡೆದ ಪರಾಕ್ರಮಿ ನಾನು. ಇದೂ ತಡೆದುಕೊಳ್ಳುವ ಪರೀಕ್ಷೆಯೇ ಎಂದು ವಿಗ್ರಹದಂತೆ ಕೂತೆ.

"ಏನಾದ್ರೂ ರುಚಿ ಬರ್ತಿದ್ಯಾ?" ಎಂದರು ಮೇಡಂ.

"ಸಖತ್ ಕಹಿ ಮೇಡಂ. ಇನ್ನೂ ಹೊಡೀರಿ, ತಡ್ಕೋತೀನಿ."

"ಕಹಿ ಗೊತ್ತಾದ್ರೆ ಫೇಲ್ ಕಣಪ್ಪಾ. ಮಾಸ್ಕ್ ಸೋರ್ತಿದೆ ಅಂತ ಅರ್ಥ. ಆ ಕೋಣೇಲಿರೋ ಕೆಮಿಕಲ್ ಆವಿ ಹಿಂಗೇ ಒಳಗ್ ಹೋದ್ರೆ ನಿನ್ ಶ್ವಾಸಕೋಶ ತಡ್ಕೊಳಲ್ಲ. ರಬ್ಬರ್ ಚರ್ಮಕ್ಕೆ ಅಂಟ್ಕೋಬೇಕು, ಕೂದಲಿಗಲ್ಲ. ಆ ಗಡ್ಡ ತೆಗೆಸ್ಕೊಂಡು ಊಟದ ಹೊತ್ತಿಗೆ ಬಾ. ಇಲ್ದಿದ್ರೆ ಬೇರೆಯವ್ರನ್ನ ನೋಡ್ತೀನಿ."

ಮತ್ತಿಕೆರೆಯ ರೂಮಿನಲ್ಲಿ ಹರಳೆಣ್ಣೆ ತಿಕ್ಕಿ ತಿಕ್ಕಿ ಬೆಳೆಸಿದ ಗಡ್ಡ ಅದು. ಒಂದು ಕೂದಲಿಂದ ಇನ್ನೊಂದಕ್ಕೆ ಹೋಗಲು ಬಸ್ ಹಿಡಿಯಬೇಕಿತ್ತು, ಆದರೂ ಗಡ್ಡವೇ. ಲ್ಯಾಬ್ ಪಕ್ಕದ ಪುಟ್ಟೇನಹಳ್ಳಿಯ ಸಲೂನಿಗೆ ಓಡಿದೆ.

"ಏನ್ ಗುರು, ಹುಡ್ಗಿ ಕೈಕೊಟ್ಲಾ?" ಎಂದ ಸಲೂನಿನವನು.

"ಇಲ್ಲಣ್ಣ, ಮಾಸ್ಕ್ ಹಾಕ್ಬೇಕು. ಬೇಗ."

"ಮಾಸ್ಕ್ ಹಾಕಿದ್ರೆ ಗಡ್ಡ ಹೆಂಗೂ ಕಾಣಲ್ವಲ್ಲೋ, ಯಾಕ್ ತೆಗೆಸ್ತೀಯ?"

ವಾಪಸ್ಸು ಬಂದರೆ ಗೇಟಿನ ಸೆಕ್ಯೂರಿಟಿ ನನ್ನ ಐಡಿ ಕಾರ್ಡನ್ನೂ ಮುಖವನ್ನೂ ನೋಡಿದ. "ತಮ್ಮಾ, ನಿಮ್ಮಣ್ಣನ ಕಾರ್ಡ್ ಯಾಕ್ ತಂದೆ?"

ಅದು ನಾನೇ ಎಂದು ಆಣೆ ಮಾಡಿ ಒಳಗೆ ನುಗ್ಗಿದೆ. ಮೇಡಂ ಮತ್ತೆ ಮಾಸ್ಕ್ ಬಿಗಿದು ಸಿಂಪಡಿಸಿದರು. ಏನೂ ಗೊತ್ತಾಗಲಿಲ್ಲ.

"ಮೇಡಂ, ನಿಮ್ ಬಾಟ್ಲಿ ಖಾಲಿ ಅನ್ಸುತ್ತೆ."

"ತಲೆ ಆಡಿಸ್ತಾ ಜೋರಾಗಿ ಮಾತಾಡು. ಅದೂ ಟೆಸ್ಟೇ."

ಜೀವನದಲ್ಲಿ ಮೊದಲ ಸಲ ಯಾರೋ ನನಗೆ ಮಾತಾಡು ಎಂದಿದ್ದರು. ಸಲೂನಿನ ಕಥೆ ಪೂರ್ತಿ ಹೇಳಿದೆ. ಮೇಡಂ ನಗುತ್ತಲೇ, "ಪಾಸು. ಇನ್ಮೇಲೆ ದಿನಾ ಶೇವ್ ಮಾಡ್ಕೊಂಡ್ ಬರ್ಬೇಕು," ಎಂದರು.

ಊಟ ಯಾರಿಗೆ ಬೇಕಿತ್ತು. ಕೋಣೆಯ ಬಾಗಿಲಲ್ಲಿ ಮಾಸ್ಕ್ ಹಾಕಿ, ಮೇಡಂ ಕಲಿಸಿದಂತೆ ಎರಡೂ ಡಬ್ಬಿಗೆ ಅಂಗೈ ಮುಚ್ಚಿ ಉಸಿರೆಳೆದೆ. ರಬ್ಬರ್ ಕೆನ್ನೆಗೆ ಕಚ್ಚಿಕೊಂಡಿತು, ಎಲ್ಲೂ ಸೋರಲಿಲ್ಲ. ಒಳಗೆ ಹೋಗಿ ಗಾಜಿನಾಚೆ ಚೀಟಿ ಅಂಟಿಸುತ್ತಿದ್ದ ಗೆಳೆಯನಿಗೆ ಕೈ ಬೀಸಿದೆ. ಯಾರೋ ಸಾಹೇಬರೆಂದುಕೊಂಡು ಅವನು ಎದ್ದು ನಿಂತು ನಮಸ್ಕಾರ ಮಾಡಿದ.