ನೂರು ವ್ಯಾಟಿಗೆ ಕಿವಿ ಇಲ್ಲ

ಆಂಬುಲೆನ್ಸ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಏಣಿ ಅಕ್ಕ ಎಂದು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ರೇಡಿಯೋ ಮೆಕ್ಯಾನಿಕ್. ಯಾರು ಯಾವ ದೂರು ತಂದರೂ ಅವಳ ಮೊದಲ ಮಾತು, "ಏಣಿ ತನ್ನಿ." ಆಂಟೆನಾ ಮೇಲೇರಬೇಕು, ತುಕ್ಕು ಹಿಡಿದ ಕೇಬಲ್ ಹೋಗಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಕಂಟ್ರೋಲ್ ರೂಮಿನ ಆಂಟೆನಾವಂತೂ ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಮುಖ ಮರೆಸಿಕೊಂಡು ನಿಂತಿತ್ತು. ಅದನ್ನು ಎತ್ತರದ ಕಂಬಕ್ಕೇರಿಸಿ ಎಂದು ಅವಳು ಕೊಟ್ಟ ಅರ್ಜಿಗಳು ಎಲ್ಲಿ ಧೂಳು ತಿನ್ನುತ್ತಿದ್ದವೋ, ಆ ಕಪಾಟಿಗೇ ಗೊತ್ತು.

ವಿಭಾಗದ ಸಾಹೇಬರು ಕಂಬ ಕೊಡಲಿಲ್ಲ. ಕಂಟ್ರೋಲ್ ರೂಮಿನ ಐವತ್ತು ವ್ಯಾಟಿನ ರೇಡಿಯೋ ಸೆಟ್ಟಿನ ಜಾಗಕ್ಕೆ ನೂರು ವ್ಯಾಟಿನದನ್ನು ತರಿಸಿದರು.

"ಡಬಲ್ ಪವರ್! ಇನ್ಮೇಲೆ ಡಬಲ್ ಕೇಳ್ಸುತ್ತೆ."

"ಇಲ್ಲ ಸಾರ್. ಪವರ್ ಡಬಲ್ ಆದ್ರೆ ಆ ಕಡೆ ಕೇಳೋರ ಸೆಟ್ಟಿನ ಮೀಟರಿನ ಮುಳ್ಳು ಅರ್ಧ ಗೆರೆ ಏರುತ್ತೆ, ಅಷ್ಟೇ. ಪೂರ್ತಿ ಒಂದು ಗೆರೆ ಏರ್ಬೇಕಂದ್ರೆ ನಾಲ್ಕು ಪಟ್ಟು ಬೇಕು. ಅದೂ ಅಲ್ದೆ ದೊಡ್ಡದಾಗಿದ್ದು ನಮ್ಮ ಬಾಯಿ, ಕಿವಿ ಅಲ್ಲ. ಕಿವಿ ಅಂದ್ರೆ ಆಂಟೆನಾ, ಅದಿನ್ನೂ ಟ್ಯಾಂಕಿನ ಹಿಂದೇನೇ ಇದೆ."

"ಏನಮ್ಮಾ, ಐವತ್ತು ದೊಡ್ಡದೋ ನೂರು ದೊಡ್ಡದೋ?"

ಅವಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಪರೀಕ್ಷೆಯೂ ನಡೆಯಿತು, ಅದೂ ಅಂಗಳದಲ್ಲೇ ನಿಂತಿದ್ದ ಗಾಡಿಯಿಂದ. ಅಲ್ಲಿಂದ ಕೂಗಿದರೆ ರೇಡಿಯೋ ಇಲ್ಲದೆಯೂ ಕೇಳಿಸುತ್ತಿತ್ತು. ಸಾಹೇಬರು "ತೃಪ್ತಿಕರ" ಎಂದು ಬರೆದು ಸಹಿ ಜಡಿದರು.

ಏಟು ಬಿದ್ದದ್ದು ಅವಳ ತಮ್ಮನಿಗೆ. ಅವನು ಏಳನೇ ಗಾಡಿಯ ಡ್ರೈವರ್. ಡ್ಯೂಟಿ ಕಲ್ಲುಕ್ವಾರಿ ಗುಡ್ಡದ ಹಿಂದೆ. ಕರೆದಾಗ ಉತ್ತರಿಸುವುದಿಲ್ಲ, ಮೂರು ದಿನದಲ್ಲಿ ಸಮಜಾಯಿಷಿ ಕೊಡದಿದ್ದರೆ ಕೆಲಸದಿಂದ ವಜಾ ಎಂದು ನೋಟಿಸ್ ಬಂತು. ಅಕ್ಕ ಅವನನ್ನು ಸಾಹೇಬರ ಮುಂದೆ ನಿಲ್ಲಿಸಿದಳು.

"ಕರೆದಿದ್ದು ಕೇಳಿಸ್ತೋ ಇಲ್ವೋ?"

"ಚೆನ್ನಾಗೇ ಕೇಳಿಸ್ತು ಸಾರ್. ಉತ್ತರಾನೂ ಕೊಟ್ಟೆ."

"ಕೊಟ್ಟಿದ್ರೆ ಬರ್ತಿತ್ತು. ನೂರು ವ್ಯಾಟ್ ಇದೆ!"

ಅಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. "ನೂರು ನಮ್ದು ಸಾರ್, ಅವ್ನ ಗಾಡೀಲಿರೋದು ಹತ್ತು! ನಮ್ದನ್ನ ಸಾವಿರ ಮಾಡಿದ್ರೂ ಅವ್ನ ಮಾತು ಕೂದಲೆಳೆಯಷ್ಟೂ ಜೋರಾಗಲ್ಲ. ಬನ್ನಿ, ನೀವೇ ಕೂತು ಮಾತಾಡಿ."

ಸುಳ್ಳನ್ನು ಸ್ಥಳದಲ್ಲೇ ಹಿಡಿಯುವ ಹುರುಪಿನಲ್ಲಿ ಸಾಹೇಬರು ಕಂಟ್ರೋಲ್ ರೂಮಿಗೂ ಹೇಳದೆ ಅಕ್ಕ, ತಮ್ಮನ ಜೊತೆ ಏಳನೇ ಗಾಡಿ ಹತ್ತಿದರು. ಗುಡ್ಡದ ಹಿಂದೆ ಗಾಡಿ ನಿಂತದ್ದೇ ತಡ, ಕಂಟ್ರೋಲ್ ರೂಮಿನ ಆಪರೇಟರಮ್ಮನ ಕರೆ ಗಂಟೆ ಬಾರಿಸಿದ ಹಾಗೆ ಬಂತು.

"ಏಳನೇ ಗಾಡಿ, ಎಲ್ಲಿದೀರಾ?"

ಸಾಹೇಬರು ಮೈಕ್ ಹಿಡಿದು ಎಲ್ಲಿದ್ದೇವೆಂದು ಗತ್ತಿನಿಂದ ಹೇಳಿದರು. ಮತ್ತೆ ಅದೇ ಕರೆ. ಜೋರಾಗಿ ಹೇಳಿದರು. ಮತ್ತೆ ಅದೇ. ಆಮೇಲೆ ಕಿರುಚಿದರು, ಕತ್ತಿನ ನರ ಉಬ್ಬಿತು, ಕನ್ನಡಕ ಮೂಗಿನ ತುದಿಗೆ ಜಾರಿತು. ಕಾಲು ಗಂಟೆ ಇದೇ ಪಾಡು.

"ಏಳನೇ ಗಾಡಿ, ಎಷ್ಟು ಸಲ ಕರೆಯೋದು? ನಿದ್ದೆ ಹೊಡೀತಿದೀರಾ? ಉತ್ತರ ಇಲ್ಲ ಅಂತ ಬರ್ಕೊಂಡಿದೀನಿ, ಸಾಹೇಬ್ರಿಗೆ ಹೇಳ್ತೀನಿ!"

ಸಾಹೇಬರು ಮೈಕ್ ಕೆಳಗಿಟ್ಟರು. ಇಷ್ಟು ದಿನ ಹೊಟ್ಟೆ ಉರಿಸಿಕೊಂಡಿದ್ದ ಅಕ್ಕನಿಗೆ ಈಗ ನಗು ಬರಬೇಕಿತ್ತು, ಬರಲಿಲ್ಲ. ಸಾಹೇಬರು ಒಡೆದ ಗಂಟಲಲ್ಲಿ ಅವಳ ತಮ್ಮನನ್ನು ಕೇಳಿದರು, "ನೀನು ದಿನಾ ಹೀಗೇ ಕೂಗ್ಕೋತಿದ್ಯೇನಪ್ಪಾ?"

"ಹೌದು ಸಾರ್. ಒಂದೊಂದ್ಸಲ ಹಿಂದೆ ಸ್ಟ್ರೆಚರ್ ಮೇಲೆ ಪೇಷಂಟ್ ಇರ್ತಿದ್ರು."