ಎಳೆ ಕೊಡುವವಳು

ಬನಹಟ್ಟಿಯಲ್ಲಿ ಯಾವ ಮಗ್ಗದ ಹಾಸು, ಅಂದರೆ ಉದ್ದದ ಎಳೆಗಳ ಸುತ್ತು, ಮುಗಿದರೂ ಮೊದಲು ಸುವಾರ್ತವ್ವನಿಗೆ ಹೇಳಿಕಳಿಸುತ್ತಾರೆ. ಹಳೆ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು ಆಕೆಯ ಕಸುಬು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಎರಡು ಸಾವಿರದ ಮೇಲೆ ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ಏಳುವುದು ಸೊಂಟ ಹಿಡಿದ ಮೇಲೆಯೇ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ನಡುವೆ ಮೂರು ಮುಷ್ಕರ, ಒಂದು ಸಲ ಪೊಲೀಸ್ ವ್ಯಾನು.

ಆಕೆಯದು ಗುಳೇದಗುಡ್ಡದ ಕಡೆಯ ಕ್ರೈಸ್ತ ನೇಕಾರರ ಮನೆತನ. ಭಾನುವಾರ ಬಸ್ಸು ಹತ್ತಿ ಜಮಖಂಡಿಗೆ ಪ್ರಾರ್ಥನೆಗೆ ಹೋಗುತ್ತಾಳೆ. ಹೊಗಳಿಕೆ ಬಂದರೆ ಇಟ್ಟುಕೊಳ್ಳಬೇಡ, ದೇವರಿಗೆ ದಾಟಿಸು ಎಂದು ಅಲ್ಲಿನ ಪಾಸ್ಟರ್ ಹೇಳಿದ್ದರು. ಸುವಾರ್ತವ್ವ ಇದನ್ನು ಚೆನ್ನಾಗಿ ರೂಢಿಸಿಕೊಂಡಿದ್ದಳು. ಯಾರಾದರೂ ಭೇಷ್ ಎಂದರೆ ಬೂದಿಗೈ ಮೇಲೆತ್ತಿ, “ನಂದೇನೈತ್ರಿ, ಎಲ್ಲಾ ಯೇಸುಸ್ವಾಮಿದು,” ಎನ್ನುವಳು. ಎಂಥಾ ವಿನಯ ನೋಡು ಎಂದು ಜನ ಮಾತಾಡಿಕೊಳ್ಳುವರು. ಅದು ಪೂರ್ತಿ ಕಿವಿಗೆ ಬೀಳುವ ತನಕ ಆಕೆ ಕೈ ಇಳಿಸುತ್ತಿರಲಿಲ್ಲ.

ಕೆಚ್ಚಲು ಇಬ್ಬರು ಬೇಕು. ಮುಂದೆ ಕೂತವಳು ಹೊಸೆಯುತ್ತಾಳೆ. ಹಾಸಿನ ಹಿಂದೆ ಕೂತವಳು ಸಾಲು ತಪ್ಪದಂತೆ ಎಳೆ ಆರಿಸಿ ಕೊಡುತ್ತಾಳೆ. ಹಿಂದಿನವಳು ಯಾರಿಗೂ ಕಾಣುವುದಿಲ್ಲ. ಹದಿನಾರು ವರ್ಷದಿಂದ ಅಲ್ಲಿ ಕೂರುತ್ತಿದ್ದವಳು ಬನಶಂಕರಿ.

ಈ ಸಲ ಕಾರ್ಮಿಕ ಸಂಘದವರು ಸುವಾರ್ತವ್ವನಿಗೆ ಸನ್ಮಾನ ಗೊತ್ತುಮಾಡಿದರು. ಸಮಾರಂಭದ ದಿನ ಬೆಳಿಗ್ಗೆ ಸಂಘದ ಗುರುಪಾದ, ಇಬ್ಬರೂ ಕೆಚ್ಚುತ್ತಿದ್ದ ಮಾಲಕ ರಾಮಲಿಂಗಪ್ಪನ ಮಗ್ಗದ ಶೆಡ್ಡಿಗೆ ಬಂದು ಸಂಜೆಯದನ್ನು ನೆನಪು ಮಾಡಿದ.

“ಅಕ್ಕಾರ, ನಿಮ್ಮಂಥಾ ಕೈ ಸುತ್ತ ನಾಕ ಊರಾಗ ಇಲ್ರಿ.”

“ನಂದೇನೈತ್ರಿ, ಎಲ್ಲಾ ಯೇಸುಸ್ವಾಮಿದು.”

ಹಾಸಿನ ಹಿಂದಿನಿಂದ ಬನಶಂಕರಿಯ ದನಿ ಬಂತು. “ಹಿಂದ ಕುಂತು ಎಳಿ ಕೊಟ್ಟಾಂವ ಯೇಸುಸ್ವಾಮಿ ಏನ ಬೇ?”

ಗುರುಪಾದ ನಕ್ಕ. ಸುವಾರ್ತವ್ವ ನಗಲಿಲ್ಲ. “ನಾ ದೇವರಿಗೆ ಹೇಳಿದರ ನಿನಗೇನ ಆತು?”

“ಆಂವ ಇಸ್ಕೊಳ್ಳಾಕ ಇಳದು ಬರಂಗಿಲ್ಲ, ತಿರುಗಿ ನಿನ್ನ ಉಡಿಗೇ ಬೀಳತೈತಿ. ಹದಿನಾರ ವರ್ಷ ಎದುರಿಗೆ ಕುಂತಾಕಿ ಹೆಸರು ಮಾತ್ರ ನಿನ್ನ ಬಾಯಾಗ ಬರಲಿಲ್ಲ.” ಕೈಯಲ್ಲಿದ್ದ ಎಳೆ ಬಿಟ್ಟು ಎದ್ದಳು. “ನಾಳಿಯಿಂದ ಬ್ಯಾರೆದಾಕಿನ್ನ ನೋಡ್ಕೊ.”

ಹಾಸು ಅರ್ಧಕ್ಕೆ ನಿಂತಿತು. ಎಳೆ ಕೊಡಲು ಬೇರೆಯವಳು ಊರಲ್ಲಿ ಇರಲಿಲ್ಲ.

ಸಂಜೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಕು ಕೈಗೆ ಬಂದಾಗ ಸುವಾರ್ತವ್ವನ ಬಲಗೈ ರೂಢಿಯಂತೆ ಮೇಲೇಳತೊಡಗಿತು. ಕೆಳಗಿಳಿಸಿದಳು.

“ನಾ ಮುಂದ ಕುಂತಿರತೀನಿ, ಅದಕ್ಕ ಕಾಣತೀನಿ. ಎಳಿ ಕೊಡಾಕಿ ಬನಶಂಕರಿ. ಆಕಿ ಕೊಡಲಿಲ್ಲಂದ್ರ ಈ ಕೈ ಸಗಣಿ ಕುಳ್ಳ ತಟ್ಟಾಕ ಲಾಯಕ್ಕು. ಇಷ್ಟ ವರ್ಷ ನಾ ಇದನ್ನ ಹೇಳಲಿಲ್ಲ. ದೇವರ ಹೆಸರ ಹೇಳಿದ್ರ ಮಂದಿ ಇನ್ನಷ್ಟ ಹೊಗಳತಿದ್ರು, ಅದಕ್ಕ ಹೇಳತಿದ್ದೆ.”

ಗುರುಪಾದ ಮೈಕು ಕಸಿದುಕೊಂಡ. “ನೋಡ್ರಿ, ಎಂಥಾ ವಿನಯ!”

ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿ ಬನಶಂಕರಿ ಒಬ್ಬಳೇ ತಟ್ಟಲಿಲ್ಲ. ಕೆಳಗಿಳಿದ ಸುವಾರ್ತವ್ವ ನೆಟ್ಟಗೆ ಆಕೆಯ ಹತ್ತಿರ ಹೋದಳು.

“ನಾಳಿ ಬಾ ಬೇ.”

“ಬರತೀನಿ. ಆದರ ನಾ ಮುಂದ, ನೀ ಹಿಂದ.”

ಮರುದಿನ ಹಾಗೇ ಕೂತರು. ಹಿಂದೆ ಬೆಳಕು ಕಡಿಮೆ, ಕುತ್ತಿಗೆ ನೆಟ್ಟಗಿಡಲು ಜಾಗವಿಲ್ಲ. ಹತ್ತು ಎಳೆ ಆಗುವುದರೊಳಗೆ ಬನಶಂಕರಿ ಒದರಿದಳು. “ಜೋಡ ಎಳಿ ಕೊಟ್ಟಿ ಬೇ! ನಿನ್ನ ಸ್ವಾಮಿಗೆ ಹೇಳು, ಕಣ್ಣಿಗೆ ಒಂದ ಚಾಳೀಸ ಕೊಡಸಲಿ.”

ಮಧ್ಯಾಹ್ನ ರಾಮಲಿಂಗಪ್ಪ ಬಂದು ಬಗ್ಗಿ ನೋಡಿದ. “ಭೇಷ್ ಬನಶಂಕರಿ! ನೀ ಇಷ್ಟ ಛಲೋ ಕೆಚ್ಚತಿ ಅಂತ ಗೊತ್ತ ಇರಲಿಲ್ಲ.”

“ಹೂಂರಿ, ಛಲೋ ಆಗೇತಿ,” ಎಂದಳು ಬನಶಂಕರಿ. ಅಷ್ಟೇ. ದೇವರ ಹೆಸರಿಲ್ಲ, ಹಿಂದಿನವಳ ಹೆಸರೂ ಇಲ್ಲ.

ಸುವಾರ್ತವ್ವನಿಗೆ ನಾಲಿಗೆ ತುರಿಸಿತು. ಒಂದು ಸಲ ಕೆಮ್ಮಿದ್ದರೂ ಸಾಕಿತ್ತು, ಹಿಂದೆ ಕೂತವಳು ತಾನೆಂದು ಮಾಲಕನಿಗೆ ತಿಳಿಯುತ್ತಿತ್ತು. ಕೆಮ್ಮಲಿಲ್ಲ. ಸಾಲಿನಲ್ಲಿ ಮುಂದಿನ ಎಳೆ ಹುಡುಕಿ ಕೊಟ್ಟಳು. ಈ ಸಲ ಒಂದೇ ಕೊಟ್ಟಳು.