ಬೂಟಿಗಿಂತ ದೊಡ್ಡವನು

ಪಾಳ್ಯದ ಕೆಂಚಯ್ಯ ಎಂದರೆ ಆ ಕಾಲದಲ್ಲಿ ಆಲೂರಿನವರೆಗೂ ಹೆಸರು. ಒಂದು ಮಳೆಗಾಲ ಕೆರೆ ಏರಿ ಬಾಯಿ ಬಿಟ್ಟಾಗ, ಊರಿನವರು ಮಣ್ಣಿನ ಮೂಟೆ ಹೊತ್ತು ತರುವ ತನಕ ಆ ಬಿರುಕಿಗೆ ತನ್ನ ಬೆನ್ನನ್ನೇ ಕೊಟ್ಟು ನಿಂತವನು. ಅವನ ಮಗ ಬೋರಯ್ಯ ಸಕಲೇಶಪುರದಿಂದ ಮಾರನಹಳ್ಳಿ ಕಡೆಯ ಎಸ್ಟೇಟಿಗೆ ಟಪ್ಪಾಲು ಹೊರುತ್ತಿದ್ದ. ಒಂಟಿ ಸಲಗ ದಾರಿಗೆ ಅಡ್ಡ ನಿಂತ ದಿನವೂ ಚೀಲ ಬಿಸಾಕಿ ಓಡಲಿಲ್ಲ. ಹಲ್ಲಿನಲ್ಲಿ ಕಚ್ಚಿಕೊಂಡೇ ಮರ ಹತ್ತಿದ. ಬೋರಯ್ಯನ ಸೊಸೆ ಹುಲಿಯಮ್ಮ ಇವರಿಬ್ಬರನ್ನೂ ಮೀರಿಸಿದಳು. ಕೂಲಿ ಲೆಕ್ಕಕ್ಕೆ ಕಾಫಿ ಹಣ್ಣು ಅಳೆಯುವ ಪೆಟ್ಟಿಗೆಯನ್ನು ಎಸ್ಟೇಟಿನವರು ಸದ್ದಿಲ್ಲದೆ ದೊಡ್ಡದು ಮಾಡಿದ್ದರು. ನಲವತ್ತು ಹೆಂಗಸರು ಬಾಯಿ ಮುಚ್ಚಿ ನಿಂತಿದ್ದಾಗ ಇವಳೊಬ್ಬಳು ಮುಂದೆ ಬಂದು, ದೊರೆಯ ಮುಖ ನೋಡಿ, "ನೋ ಸಾರ್, ರಾಂಗ್ ಸಾರ್" ಎಂದಳು. ಅವಳಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ. ಮರುದಿನ ಹಳೆಯ ಪೆಟ್ಟಿಗೆ ವಾಪಸು ಬಂತು.

ಆ ಹುಲಿಯಮ್ಮನ ಮಗ ಚಲುವಯ್ಯ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಔಷಧಿ ಡಬ್ಬಿಗಳ ಮೇಲಿನ ಬರಹ, ಹಳೆಯ ಮ್ಯಾನೇಜರು ಓದಿ ಎಸೆದ ಪೇಪರು, ರಟ್ಟು ಕಿತ್ತುಹೋದ ಒಂದು ನಿಘಂಟು, ಇಷ್ಟರಿಂದಲೇ ಇಂಗ್ಲಿಷ್ ಕಲಿತು ಅದೇ ಎಸ್ಟೇಟಿನ ರೈಟರ್ ಆದ. ಮೂವತ್ತಾರು ವರ್ಷ ಹಾಜರಿ ಪುಸ್ತಕವೂ ಸ್ಟೋರಿನ ಬೇಡಿಕೆ ಪಟ್ಟಿಯೂ ಅವನ ಕೈಬರಹದಲ್ಲೇ ಹೋದವು. "ನನ್ ಇಂಗ್ಲಿಷ್‌ನಾಗೆ ಒಂದು ತಪ್ಪು ತೋರ್ಸು, ಈ ಮೀಸೆ ಬೋಳಿಸ್ಕತೀನಿ" ಎಂದು ಚಹಾದ ಅಂಗಡಿಯಲ್ಲಿ ಕೂತು ಸವಾಲು ಹಾಕುತ್ತಿದ್ದ. ಎರಡು ವರ್ಷದ ಹಿಂದೆ ಎಸ್ಟೇಟನ್ನು ಹೊಸ ಕಂಪನಿ ಕೊಂಡು, ಮಹೇಶ್ ಎಂಬ ಮ್ಯಾನೇಜರು ಬಂದು, ಗೋಡೆಗೆ ಇಂಗ್ಲಿಷಿನ ನೋಟೀಸು ಅಂಟಿಸಿದ. ಚಲುವಯ್ಯ ಕೆಂಪು ಇಂಕಿನಲ್ಲಿ ಅದನ್ನು ತಿದ್ದಿ ಅಲ್ಲೇ ಮತ್ತೆ ಅಂಟಿಸಿಬಂದ. ಆಳುಗಳ ಲೈನುಮನೆಯ ಜನ ವಾರಗಟ್ಟಲೆ ನಕ್ಕರು.

ಈ ವರ್ಷ ಮಳೆ ಹಿಡಿಯುವ ಮುಂಚೆ ಆಳುಗಳ ಗಂಬೂಟಿನ ಪಟ್ಟಿ ಬರೆಯುವ ಹೊತ್ತಿಗೆ ಧರ್ಮ ಸ್ಟೋರಿನ ಬಾಗಿಲಲ್ಲಿ ಬಂದು ನಿಂತ. ಔಷಧಿ ಹೊಡೆಯುವ ಗುಂಪಿನ ಮುಂದಾಳು ಅವನು, ಒಳ್ಳೆಯ ಕೆಲಸಗಾರ. ಅವನ ಪಾದ ಮಾತ್ರ ಹನ್ನೊಂದನೇ ನಂಬರಿನದು. ಸ್ಟೋರಿಗೆ ಬರುತ್ತಿದ್ದ ಬೂಟು ಒಂಬತ್ತಕ್ಕೇ ಮುಗಿಯುತ್ತಿತ್ತು. ಮೂರು ಮಳೆಗಾಲ ಅವನು ಬೂಟಿನ ಮೂತಿ ಕುಯ್ದು ಬೆರಳು ಹೊರಗಿಟ್ಟು ದುಡಿದಿದ್ದ.

"ರೈಟ್ರೇ, ಈ ವರ್ಷನಾದ್ರೂ ನನ್ ಕಾಲಿಗಾಗೋ ಬೂಟು ತರ್ಸಿ. ರಕ್ತ ಹೀರೋ ಇಂಬಳಕ್ಕೆ ಬಾಗ್ಲು ತೆಗೆದಿಟ್ಟಂಗಾಗೈತೆ."

"ದೇವ್ರು ನಿನ್ ಪಾದ ಮಾಡುವಾಗ ಅಳತೆ ಮರ್ತುಬುಟ್ನೇನ್ಲಾ? ಹೋಗು, ಬರೀತೀನಿ. ಕಂಪನಿ ಆಫೀಸಿನೋರು ಎದ್ದು ಕೂತ್ಕಬೇಕು, ಹಂಗ್ ಬರೀತೀನಿ."

ಬರೆದ. ಧರ್ಮನ ಹೆಸರಿನ ಮುಂದೆ, ಷರಾ ಬರೆಯುವ ಜಾಗದಲ್ಲಿ: 'ಧರ್ಮ ಈಸ್ ಟೂ ಬಿಗ್ ಫಾರ್ ಹಿಸ್ ಬೂಟ್ಸ್.' ಬೂಟಿಗಿಂತ ಕಾಲು ದೊಡ್ಡದು ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಎರಡು ಸಲ ಓದಿಕೊಂಡ, ಕಿವಿಗೆ ಹಿತವಾಯಿತು. ಅವನ ನಿಘಂಟಿನಲ್ಲಿ ಟೂ ಇತ್ತು, ಬಿಗ್ ಇತ್ತು, ಬೂಟ್ಸ್ ಕೂಡ ಇತ್ತು. ಅವೆಲ್ಲ ಒಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬುದು ಇರಲಿಲ್ಲ.

ಹತ್ತು ದಿನ ಕಳೆದು, ಒಂದು ಬುಧವಾರ ಬೆಳಗ್ಗೆ, ಮಹೇಶ್ ಅವನನ್ನು ಕರೆಸಿದ.

"ಚಲುವಯ್ಯನವರೇ, ಧರ್ಮನ್ನ ಮೇಸ್ತ್ರಿ ಮಾಡಿ ಅಂತ ನಾನು ಆಫೀಸಿಗೆ ಬರೆದಿದ್ದೆ. ಅವನ ಹೆಸರು ಹೊಡೆದು ಹಾಕಿದಾರೆ. ನಿಮ್ಮ ರೈಟರೇ ಅವನಿಗೆ ಜಂಬ ಅಂತ ಬರೆದಿದಾರಲ್ಲ, ಅಂಥವನಿಗೆ ಮೇಸ್ತ್ರಿ ಕೆಲಸ ಯಾಕೆ ಅಂತ ಕೇಳ್ತಿದಾರೆ."

"ನಾನೆಲ್ಲಿ ಸಾರ್ ಜಂಬ ಅಂತ ಬರೆದೆ?"

ಮಹೇಶ್ ಮೊಬೈಲು ತಿರುಗಿಸಿ ತೋರಿಸಿದ. ಚಲುವಯ್ಯನದೇ ಅಕ್ಷರ, ಕೆಳಗೆ ಅವನದೇ ಸಹಿ. "ಈ ಮಾತಿಗೆ ಇಂಗ್ಲಿಷಲ್ಲಿ ಅರ್ಥ ಅದೇ. ತನ್ನ ಯೋಗ್ಯತೆ ಮೀರಿ ಮೆರೀತಾನೆ ಅಂತ."

"ಸಾರ್, ಅದು ಬೂಟಿನ ಮಾತು ಸಾರ್! ಬರೀ ಬೂಟಿನ ಮಾತು!"

"ನಾನು ನಂಬ್ತೀನಿ ಮಾರಾಯ್ರೇ. ಅವರು ನಂಬಬೇಕಲ್ಲ? ನನ್ನ ನೋಟೀಸಿಗೇ ಕೆಂಪು ಇಂಕು ಹಾಕಿದೋರು ನೀವು. ಆ ಕಥೆ ಆಫೀಸಿಗೆಲ್ಲ ಗೊತ್ತು. ಈಗ ಆ ರೈಟರಿಗೆ ಇಂಗ್ಲಿಷ್ ತಪ್ಪಿತು ಅಂದ್ರೆ, ಆಳನ್ನ ಉಳಿಸೋಕೆ ಮಾತು ತಿರುಗಿಸ್ತಿದಾರೆ ಅಂತಾರೆ. ಬೂಟಿನ ಮಾತಿರಬೇಕು ಅಂತ ನಾನು ಆಗಲೇ ಫೋನಲ್ಲಿ ಹೇಳಿದೆ, ಹಾಗೇ ಅಂದ್ರು. ಸಾಯಂಕಾಲ ಐದಕ್ಕೆ ಮೇಸ್ತ್ರಿಗಳ ಲಿಸ್ಟು ಮುಗೀತದೆ. ಏನಾದ್ರೂ ಬರೆದು ಫೋಟೋ ಕಳಿಸಿ, ಮುಂದಕ್ಕೆ ದಾಟಿಸ್ತೀನಿ. ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ."

ಮೇಸ್ತ್ರಿಯಾದರೆ ಸ್ಟೋರಿನ ಪಕ್ಕದ ಎರಡು ಕೋಣೆಯ ಮನೆ ಸಿಗುತ್ತಿತ್ತು. ಲೈನಿನ ಒಂದೇ ಕೋಣೆಯಲ್ಲಿ ಧರ್ಮ, ಹೆಂಡತಿ ಸುಚಿತ್ರಾ, ಎರಡು ಮಕ್ಕಳು, ಹಾಸಿಗೆ ಹಿಡಿದ ತಾಯಿ. ಸುಚಿತ್ರಾ ಆ ಮನೆಯ ಒಲೆಗೆ ಆಗಲೇ ಸೆಗಣಿ ಬಳಿದು ಬಂದಿದ್ದಳೆಂದು ಲೈನಿಗೆಲ್ಲ ಗೊತ್ತಿತ್ತು.

ಚಲುವಯ್ಯ ಹೊರಗೆ ಬಂದರೆ ಧರ್ಮ ಅಲ್ಲೇ ನಿಂತಿದ್ದ. ಸುದ್ದಿ ಅವನನ್ನು ಮುಟ್ಟಿತ್ತು.

"ಏನ್ ರೈಟ್ರೇ, ಬೂಟು ಕೇಳಿದ್ದು ಜಂಬವಾಯ್ತಾ? ಬರಿಗಾಲಲ್ಲಿ ಮಾಡು ಅಂದಿದ್ರೆ ಮಾಡ್ತಿದ್ದೆ."

"ಲೋ, ನಾನು ಹಂಗ್ ಬರೀಲಿಲ್ಲ ಕಣೋ. ತಪ್ಪಾಗ್ಬುಟ್ಟೈತೆ."

"ನಿಮ್ ಬರವಣಿಗೇಲಿ ತಪ್ಪೇ ಬರಲ್ಲ ಅಂತಿದ್ರಲ್ಲ ಯಾವಾಗ್ಲೂ?"

ಧರ್ಮ ಇಳಿಜಾರಿನತ್ತ ತಿರುಗಿ ನಡೆದ. ಕುಯ್ದ ಬೂಟಿನ ಮೂತಿ ಹೆಜ್ಜೆಗೊಮ್ಮೆ ಪಟ್ ಪಟ್ ಎನ್ನುತ್ತಿತ್ತು.

ಬಸ್ಸು ಹತ್ತಿ ಚಲುವಯ್ಯ ಆನೇಮಹಲ್‌ಗೆ ಬಂದ. ಎಸ್ಟೇಟಿನ ಕಾಫಿ ಕೊಳ್ಳುವ ಅಬ್ದುಲ್ ಮಜೀದ್ ಸಾಹೇಬರ ಮಗಳು ನೂರೀನ್ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಚಿಕ್ಕವಳಿದ್ದಾಗ ಅವಳಿಗೆ ಸ್ಪೆಲಿಂಗ್ ಕೇಳಿ ಗೋಳಾಡಿಸಿದವನು ಇದೇ ಚಲುವಯ್ಯ. ಈಗ ಅವಳು ಕಾಲೇಜಿನಿಂದ ಮನೆಗೆ ಬರುವ ತನಕ ಕಾದು, ಅವಳ ಮುಂದೆ ಬೆಂಚಿನ ತುದಿಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದ. ಮಾತೆಲ್ಲ ಕಾಲಿನ ಹೆಬ್ಬೆರಳಿಗೇ ಹೇಳಿದ ಹಾಗಿತ್ತು.

ನೂರೀನ್ ನಗಲಿಲ್ಲ. "ಅಂಕಲ್, ವ್ಯತ್ಯಾಸ ಇಷ್ಟೇ. 'ಹಿಸ್ ಬೂಟ್ಸ್ ಆರ್ ಟೂ ಸ್ಮಾಲ್ ಫಾರ್ ಹಿಮ್' ಅಂದ್ರೆ ಬೂಟು ಚಿಕ್ಕದು. 'ಹಿ ಈಸ್ ಟೂ ಬಿಗ್ ಫಾರ್ ಹಿಸ್ ಬೂಟ್ಸ್' ಅಂದ್ರೆ ಅವನಿಗೆ ಜಂಬ. ಬೂಟು ಮುಂದೆ ಬಂದ್ರೆ ಬೂಟಿನ ಮಾತು, ಆಳು ಮುಂದೆ ಬಂದ್ರೆ ಜಂಬದ ಮಾತು."

"ಹಿಂದು ಮುಂದಾಗಿದ್ದಕ್ಕೆ ಒಂದು ಮನೆ ಹೋಯ್ತಲ್ಲವ್ವಾ," ಎಂದ ಚಲುವಯ್ಯ. ಆಮೇಲೆ ಪೆನ್ನು ತೆಗೆದು ಹಾಳೆಯ ಮೂಲೆಯಲ್ಲಿ ನಿಧಾನವಾಗಿ ಒಂದು ವಾಕ್ಯ ಬರೆದು ಅವಳತ್ತ ತಳ್ಳಿದ. "ಇದು ಸರಿ ಐತಾ ನೋಡು."

'ಐ ಯಾಮ್ ಟೂ ಬಿಗ್ ಫಾರ್ ಮೈ ಬೂಟ್ಸ್' ಎಂದಿತ್ತು.

"ವ್ಯಾಕರಣ ಸರಿ ಇದೆ ಅಂಕಲ್," ಎಂದಳು ಮೆಲ್ಲಗೆ.

ನಾಲ್ಕು ಗಂಟೆ ಹತ್ತು ನಿಮಿಷ. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಘಾಟಿಯ ಕಡೆ ಸಾಲುಗಟ್ಟಿದ್ದವು. ನೂರೀನ್ ಲ್ಯಾಪ್‌ಟಾಪು ತೆರೆದಳು. "ಹೇಳಿ, ನಾನು ಟೈಪ್ ಮಾಡ್ತೀನಿ. ಹತ್ತು ನಿಮಿಷ ಸಾಕು, ಒಂದು ತಪ್ಪೂ ಇರಲ್ಲ."

ಚಲುವಯ್ಯ ಆಗಲೇ ಇನ್ನೊಂದು ಹಾಳೆ ಎಳೆದುಕೊಂಡಿದ್ದ. ನಿಘಂಟು ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ತಿದ್ದಲೂ ಹೋಗದೆ ಬಂದ ಹಾಗೆ ಬರೆದ: 'ಬೂಟ್ಸ್ ಸ್ಮಾಲ್ ಸಾರ್. ಧರ್ಮ ವೆರಿ ಗುಡ್ ಮ್ಯಾನ್. ಹಿ ನಾಟ್ ಜಂಬ. ಐ ರೋಟ್ ರಾಂಗ್ ಸಾರ್.' ಕೊನೆಯ ಎರಡು ಪದ ಬರೆದ ಮೇಲೆ ಪೆನ್ನು ಅಲ್ಲೇ ನಿಂತಿತು. ಹುಲಿಯಮ್ಮ ಹಾಗೆ ಅಂದಾಗ ದೊರೆ ತಲೆ ತಗ್ಗಿಸಿದ್ದ. ಇವನ ತಲೆಯೇ ಈಗ ಕಾಗದದ ಮೇಲೆ ಬಾಗಿತ್ತು.

ಸಹಿ ಹಾಕಿ ಫೋಟೋ ತೆಗೆಯಲು ಮೊಬೈಲು ಹುಡುಕುತ್ತಿದ್ದಾಗ ನೂರೀನ್ ಆ ಹಾಳೆಯತ್ತ ಬಾಗಿದಳು. ಅವಳ ಪೆನ್ನು 'ಜಂಬ'ದ ಮೇಲೆ ಬಂದು ನಿಂತಿತು. "ಇದೊಂದಾದ್ರೂ ತಿದ್ದಿಕೊಡ್ತೀನಿ ಅಂಕಲ್. ಆಫೀಸಲ್ಲಿ ನಗ್ತಾರೆ."

ಚಲುವಯ್ಯ ಹಾಳೆಯ ಮೇಲೆ ಅಂಗೈ ಮುಚ್ಚಿದ.

"ಬ್ಯಾಡ ಕಣವ್ವಾ, ಪೆನ್ನು ಎತ್ತು. ನಗ್ಲಿ. ನೀನು ತಿದ್ದಿಬುಟ್ರೆ, ಈ ಮುದುಕನಿಗೆ ಇಂಗ್ಲಿಷ್ ಎಲ್ಲಾ ಬತ್ತದೆ, ತಿಳಿದೇ ಜಂಬ ಅಂತ ಬರೆದವ್ನೆ ಅಂತಾರೆ. ಈ ತಪ್ಪೆಲ್ಲಾ ನೋಡಿದ್ರೇನೇ ಆ ಬೂಟಿನ ತಪ್ಪು ಅವ್ರಿಗೆ ತಿಳಿಯೋದು. ನಂಬ್ತಾರೋ ಬುಡ್ತಾರೋ, ನನ್ ಹತ್ರ ಉಳಿದಿರೋ ಸಾಕ್ಷಿ ಇದೊಂದೇಯ. ಇದ್ನೂ ಸರಿ ಮಾಡಬ್ಯಾಡ."